ಕಿರಿಯ ಕಸುಬಿನ ಹಿರಿಮೆ

ಸಂತೆಯಲ್ಲಿ ಒಂದೇ ಬಗೆಯ ಎರಡು ಸರಕುಗಳು ಎದುರುಬದುರಾಗಿ ನಿಂತಾಗ ಕೊಳ್ಳುವವನ ಕಣ್ಣು ಮೊದಲು ಬೆಲೆಯ ಮೇಲೆ ಬೀಳುವುದು ಸಹಜ. ಒಂದು ಕಡೆ ನೂರಾರು ಕಾರ್ಮಿಕರೂ ವಿದ್ಯುದ್ಯಂತ್ರಗಳೂ ಕೂಡಿ ಹಗಲಿರುಳೂ ಸಾಮಾನುಗಳನ್ನು ಹೊರಚೆಲ್ಲುವ ಕಾರ್ಖಾನೆ. ಇನ್ನೊಂದು ಕಡೆ ಮನೆಯ ಮುಂದಿನ ಕೊಟ್ಟಿಗೆಯಲ್ಲಿ ಕುಳಿತು ದಿನಕ್ಕೆ ಹತ್ತಾರು ವಸ್ತುಗಳನ್ನು ಮಾಡುವ ಕಸುಬುದಾರ. ಮೊದಲನೆಯವನ ಬಳಿ ಹಣವಿದೆ, ಜಾಹೀರಾತಿದೆ, ದೇಶದ ಊರೂರಿನಲ್ಲಿ ಮಳಿಗೆಗಳಿವೆ. ಎರಡನೆಯವನ ಬಳಿ ಇರುವುದು ಅವನ ಕೈ, ಆ ಕೈಗೆ ತಂದೆ ತಾತಂದಿರಿಂದ ಬಂದ ಅಭ್ಯಾಸ. ಇಂಥ ಅಸಮಾನ ಸ್ಪರ್ಧೆಯಲ್ಲಿ ಕಿರಿಯನು ಉಳಿಯುವುದು ಸಾಧ್ಯವೆ? ಉಳಿದವರು ಹೇಗೆ ಉಳಿದರು? ಇದು ಕೇವಲ ವ್ಯಾಪಾರದ ಪ್ರಶ್ನೆಯಲ್ಲ. ನಾಡಿನ ಸಾವಿರಾರು ಕುಟುಂಬಗಳ ಅನ್ನದ ಪ್ರಶ್ನೆ. ಅದರೊಡನೆ ಒಂದು ನಾಡು ತಲೆಮಾರುಗಳಿಂದ ಕಲಿತ ವಿದ್ಯೆಯ ಅಳಿವು ಉಳಿವಿನ ಪ್ರಶ್ನೆಯೂ ಹೌದು.

ಈ ಪ್ರಶ್ನೆಗೆ ಉತ್ತರವನ್ನು ಅರಸಿ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನಿಂದ ಮೈಸೂರಿನ ಕಡೆಗೆ ಸುಮಾರು 60 ಕಿಲೋಮೀಟರು ದೂರದಲ್ಲಿ ಚನ್ನಪಟ್ಟಣವೆಂಬ ಊರಿದೆ. ಹಸುರು, ಹಳದಿ, ಕೆಂಪು ಬಣ್ಣಗಳಿಂದ ಥಳಥಳಿಸುವ ಮರದ ಕುದುರೆಗಳು, ಬುಗುರಿಗಳು, ಗಿಲಕಿಗಳು, ಪುಟ್ಟ ರೈಲುಗಾಡಿಗಳು ಈ ಊರಿಗೆ ಬೊಂಬೆಗಳ ಊರೆಂಬ ಹೆಸರನ್ನು ತಂದಿವೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾ ದೇಶದ ಕುಶಲಕರ್ಮಿಗಳು ಇಲ್ಲಿಗೆ ಬಂದು ಈ ಕಲೆಯನ್ನು ಕಲಿಸಿದರೆಂದು ಜನರ ಹೇಳಿಕೆ. ಬಾವಾಸ್ ಮಿಯಾ ಎಂಬ ಕುಶಲಿಯು ಜಪಾನಿನ ವಿಧಾನಗಳನ್ನು ಇಲ್ಲಿಗೆ ತಂದು ಕಸುಬಿಗೆ ಹೊಸ ತಿರುವು ಕೊಟ್ಟನೆಂದು ಊರಿನವರು ಕೃತಜ್ಞತೆಯಿಂದ ನೆನೆಯುತ್ತಾರೆ. ಹೊರಗಿನಿಂದ ಬಂದ ವಿದ್ಯೆಯನ್ನು ತನ್ನದಾಗಿಸಿಕೊಂಡು, ಅದಕ್ಕೆ ತನ್ನ ಮಣ್ಣಿನ ಮರವನ್ನೂ ತನ್ನ ಮನಸ್ಸಿನ ಬಣ್ಣವನ್ನೂ ಕೂಡಿಸಿದ ಊರು ಇದು.

ಚನ್ನಪಟ್ಟಣದ ಆಟಿಕೆ ಹೇಗೆ ತಯಾರಾಗುತ್ತದೆಂಬುದನ್ನು ತಿಳಿದರೆ ಅದರ ಬೆಲೆಯ ಮರ್ಮವೂ ತಿಳಿಯುತ್ತದೆ. ಇಲ್ಲಿಯ ಸಾಂಪ್ರದಾಯಿಕ ಕಚ್ಚಾ ಸಾಮಗ್ರಿ ಆಲೆ ಮರ. ಇದು ಕೊಯ್ದರೆ ಹಾಲು ಒಸರುವ, ಅಷ್ಟೇನೂ ಎತ್ತರಕ್ಕೆ ಬೆಳೆಯದ ಮರ. ಇದರ ತಿರುಳು ಬಿಳುಪಾಗಿ, ನಯವಾಗಿ, ಎಳೆ ಎದ್ದು ಕಾಣದಂತೆ ಒತ್ತಾಗಿರುತ್ತದೆ. ಉಳಿಗೆ ಸುಲಭವಾಗಿ ಒಗ್ಗುತ್ತದೆ. ಆದರೆ ಕಡಿದ ಮರವನ್ನು ಆ ದಿನವೇ ಕಡೆಯಲಾಗದು. ಹಸಿ ಮರದಲ್ಲಿ ನೀರಿನ ಅಂಶವಿರುತ್ತದೆ. ಅದು ಆರಿದಂತೆ ಮರ ಕುಗ್ಗುತ್ತದೆ. ಹಸಿಯಾಗಿರುವಾಗಲೇ ಬೊಂಬೆ ಮಾಡಿದರೆ ಕೆಲವೇ ವಾರಗಳಲ್ಲಿ ಅದು ಬಿರುಕು ಬಿಡುತ್ತದೆ, ಇಲ್ಲವೆ ಸೊಟ್ಟಗಾಗುತ್ತದೆ. ಆದುದರಿಂದ ದಿಮ್ಮಿಗಳನ್ನು ನೆರಳಿನಲ್ಲಿ ಗಾಳಿಯಾಡುವಂತೆ ಜೋಡಿಸಿ ಚೆನ್ನಾಗಿ ಹದವಾಗುವವರೆಗೆ ಕಾಯಬೇಕು. ಈ ಕಾಯುವಿಕೆ ಕೊಳ್ಳುವವನ ಕಣ್ಣಿಗೆ ಬೀಳುವುದಿಲ್ಲ. ಆದರೆ ಬೊಂಬೆಯ ಆಯುಸ್ಸು ನಿಂತಿರುವುದು ಅದರ ಮೇಲೆಯೇ.

ಹದವಾದ ಮರವನ್ನು ತುಂಡುಮಾಡಿ ಲೇತ್ ಯಂತ್ರಕ್ಕೆ ಸಿಕ್ಕಿಸುತ್ತಾರೆ. ಹಿಂದೆ ಕೈಯಿಂದ ತಿರುಗಿಸುತ್ತಿದ್ದ ಈ ಯಂತ್ರವನ್ನು ಈಗ ಬಹುಮಟ್ಟಿಗೆ ವಿದ್ಯುತ್ತು ತಿರುಗಿಸುತ್ತದೆ. ತಿರುಗುವ ತುಂಡಿಗೆ ಕಸುಬುದಾರನು ಉಳಿಯನ್ನು ಆನಿಸಿದೊಡನೆ ಹೊಟ್ಟು ಹಾರಿ, ಮೊಂಡಾದ ಮರ ನೋಡನೋಡುತ್ತಿದ್ದಂತೆ ಚೆಂಡಾಗಿ, ಕಂಬವಾಗಿ, ಗಂಟೆಯಾಗಿ ರೂಪ ತಳೆಯುತ್ತದೆ. ಯಂತ್ರ ತಿರುಗಿಸುತ್ತದೆ ಅಷ್ಟೆ. ಎಲ್ಲಿ ಒತ್ತಬೇಕು, ಎಲ್ಲಿ ಸಡಿಲಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ನಿರ್ಧರಿಸುವುದು ಕೈ. ಲೇತಿನಲ್ಲಿ ಕಡೆದದ್ದೆಲ್ಲ ದುಂಡಗಿರುವುದು ಅನಿವಾರ್ಯ. ಈ ಮಿತಿಯೇ ಚನ್ನಪಟ್ಟಣದ ಆಟಿಕೆಗೆ ವಿಶಿಷ್ಟವಾದ ಚೆಲುವನ್ನು ಕೊಟ್ಟಿದೆ. ದುಂಡು ತಲೆ, ದುಂಡು ಮೈ, ದುಂಡು ಗಾಲಿ. ಎಲ್ಲಿಯೂ ಚೂಪಾದ ಮೂಲೆಯಿಲ್ಲ, ಮಗುವಿನ ಅಂಗೈಗೆ ಚುಚ್ಚುವ ಅಂಚಿಲ್ಲ.

ಬಳಿಕ ಬಣ್ಣ. ಮುತ್ತುಗವೇ ಮೊದಲಾದ ಮರಗಳ ರೆಂಬೆಗಳ ಮೇಲೆ ವಾಸಿಸುವ ಸಣ್ಣ ಕೀಟಗಳು ಸ್ರವಿಸುವ ಅಂಟಿನಂಥ ವಸ್ತುವೇ ಅರಗು. ಅದನ್ನು ಕಾಯಿಸಿ ಮೆತ್ತಗೆ ಮಾಡಿ, ಬಣ್ಣ ಬೆರೆಸಿ ನಾದಿ, ಕಡ್ಡಿಗಳನ್ನಾಗಿ ಎಳೆದಿಡುತ್ತಾರೆ. ಕಡೆದು ಮುಗಿದ ಬೊಂಬೆ ಇನ್ನೂ ಯಂತ್ರದಲ್ಲಿ ತಿರುಗುತ್ತಿರುವಾಗಲೇ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಾಟದಿಂದ ಹುಟ್ಟುವ ಶಾಖಕ್ಕೆ ಅರಗು ಕರಗಿ ಮರದ ಮೈಗೆ ಹತ್ತುತ್ತದೆ. ಅನಂತರ ತಾಳೆಯ ಗರಿಯನ್ನು ಮಡಿಸಿ ಒತ್ತಿದರೆ ಬಣ್ಣ ಎಲ್ಲೆಡೆಗೂ ಸಮನಾಗಿ ಹರಡಿ ಕನ್ನಡಿಯಂತೆ ಹೊಳೆಯುತ್ತದೆ. ಇಲ್ಲಿ ಕುಂಚವಿಲ್ಲ, ಒಣಗಿಸುವ ಕೆಲಸವೂ ಇಲ್ಲ. ಅರಿಸಿನದಿಂದ ಹಳದಿ, ನೀಲಿ ಗಿಡದಿಂದ ನೀಲಿ ಹೀಗೆ ಸಸ್ಯಮೂಲದ ಬಣ್ಣಗಳನ್ನು ಬಳಸುವ ಪದ್ಧತಿಯನ್ನು ಹಲವು ಕಸುಬುದಾರರು ಮತ್ತೆ ಕೈಗೆತ್ತಿಕೊಂಡಿದ್ದಾರೆ. ಅರಗನ್ನು ಶುದ್ಧಿಮಾಡಿ ಪಡೆದ ಪದಾರ್ಥವನ್ನು ಔಷಧದ ಗುಳಿಗೆಗಳ ಮೇಲ್ಲೇಪಕ್ಕೂ ಬಳಸುವುದುಂಟು. ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಹಸುಗೂಸಿನ ಆಟಿಕೆಗೆ ಇದಕ್ಕಿಂತ ಹಿತವಾದ ಲೇಪ ಬೇರೆ ಯಾವುದುಂಟು?

ಇಷ್ಟೆಲ್ಲ ಗುಣವಿದ್ದರೂ ಚನ್ನಪಟ್ಟಣದ ಆಟಿಕೆಗೆ ಕಷ್ಟದ ದಿನಗಳು ಬಂದವು. ಪ್ಲಾಸ್ಟಿಕ್ಕಿನ ಅಗ್ಗದ ಆಟಿಕೆಗಳು, ಅದರಲ್ಲಿಯೂ ಚೀನಾ ದೇಶದ ದೊಡ್ಡ ಕಾರ್ಖಾನೆಗಳಲ್ಲಿ ತಯಾರಾದವು, ಮಾರುಕಟ್ಟೆಯನ್ನು ತುಂಬಿದವು. ಒತ್ತಿದರೆ ಹಾಡುವ, ಬೆಳಕು ಬೀರುವ, ತಾನಾಗಿಯೇ ಓಡುವ ಆ ಆಟಿಕೆಗಳ ಮುಂದೆ ಮರದ ಕುದುರೆ ಮಂಕಾಗಿ ತೋರಿತು. ಕಸುಬುದಾರರ ಮಕ್ಕಳು ಉಳಿಯನ್ನು ಕೆಳಗಿಟ್ಟು ಬೇರೆ ಕೆಲಸಗಳನ್ನು ಹುಡುಕಿ ಹೋದರು. ದಿನವಿಡೀ ಮರದ ಹೊಟ್ಟನ್ನು ಉಸಿರಾಡುತ್ತ ದುಡಿದರೂ ಮಧ್ಯವರ್ತಿಯು ಕೊಟ್ಟಷ್ಟನ್ನೇ ಪಡೆಯಬೇಕಾದ ಸ್ಥಿತಿಯಲ್ಲಿ ಅವರನ್ನು ತಪ್ಪುಗಾರರೆನ್ನುವಂತಿಲ್ಲ.

ದೊಡ್ಡ ಕಾರ್ಖಾನೆ ಅಷ್ಟು ಅಗ್ಗವಾಗಿ ಮಾರುವುದು ಹೇಗೆ? ಇದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಪ್ಲಾಸ್ಟಿಕ್ ಆಟಿಕೆಯನ್ನು ಮಾಡಲು ಮೊದಲು ಲೋಹದ ಅಚ್ಚು ಬೇಕು. ಅಂಥ ಅಚ್ಚಿಗೆ 5 ಲಕ್ಷ ರೂಪಾಯಿ ತಗಲುತ್ತದೆಂದು ಇಟ್ಟುಕೊಂಡರೆ, ಅದರಿಂದ 5 ಲಕ್ಷ ಆಟಿಕೆಗಳನ್ನು ತೆಗೆದಾಗ ಒಂದೊಂದರ ಮೇಲೆ ಬೀಳುವ ಅಚ್ಚಿನ ವೆಚ್ಚ ಕೇವಲ 1 ರೂಪಾಯಿ. ಅದೇ ಅಚ್ಚಿನಿಂದ 500 ಆಟಿಕೆಗಳನ್ನಷ್ಟೇ ತೆಗೆದರೆ ಒಂದೊಂದರ ಮೇಲೆ 1,000 ರೂಪಾಯಿಯ ಭಾರ ಬೀಳುತ್ತದೆ. ಹೆಚ್ಚು ಮಾಡಿದಷ್ಟೂ ಅಗ್ಗ, ಕಡಿಮೆ ಮಾಡಿದಷ್ಟೂ ದುಬಾರಿ. ಕಾರ್ಖಾನೆಯ ಬಲದ ಗುಟ್ಟು ಇದು.

ಆದರೆ ಈ ಲೆಕ್ಕವನ್ನು ತಿರುಗಿಸಿ ನೋಡಿದರೆ ಕಾರ್ಖಾನೆಯ ದೌರ್ಬಲ್ಯವೂ ಅಲ್ಲಿಯೇ ಇರುವುದು ಕಾಣುತ್ತದೆ. ಲಕ್ಷಗಟ್ಟಲೆ ಒಂದೇ ಬಗೆಯ ವಸ್ತುವನ್ನು ಮಾರಲೇಬೇಕಾದವನು ಲಕ್ಷಾಂತರ ಜನರಿಗೆ ಒಪ್ಪಿಗೆಯಾಗುವುದನ್ನು ಮಾತ್ರ ಮಾಡಬಲ್ಲ. ಯಾವುದೋ ಒಂದು ಶಾಲೆಗೆ ಬೇಕಾದ 50 ಎಣಿಕೆಚೌಕಟ್ಟುಗಳನ್ನಾಗಲಿ, ಕಣ್ಣು ಕಾಣದ ಮಕ್ಕಳು ಬೆರಳಿನಿಂದ ಗುರುತಿಸಬಲ್ಲ 20 ಜೊತೆ ಕಾಯಿಗಳನ್ನಾಗಲಿ ಮಾಡಿಕೊಡುವುದು ಅವನಿಗೆ ನಷ್ಟದ ಬಾಬತ್ತು. ಲೇತಿನ ಮುಂದೆ ಕುಳಿತ ಕಸುಬುದಾರನಿಗೆ ಅಚ್ಚಿನ ಹಂಗಿಲ್ಲ. ಬೆಳಿಗ್ಗೆ ಕುದುರೆಯ ತಲೆಯನ್ನು ಕಡೆದ ಉಳಿಯಿಂದಲೇ ಅವನು ಸಂಜೆ ಹೊಸದೊಂದು ಗಿಲಕಿಯನ್ನು ಕಡೆಯಬಲ್ಲ. ಕೇಳಿದವರಿಗೆ ಕೇಳಿದಂತೆ, ಕೇಳಿದಷ್ಟೇ ಮಾಡಿಕೊಡುವ ಈ ಸ್ವಾತಂತ್ರ್ಯ ಕಿರಿಯನ ಮೊದಲನೆಯ ಬಲ. ಹಿರಿಯನು ಗೆಲ್ಲುವುದು ಸಂಖ್ಯೆಯಿಂದಾದರೆ ಕಿರಿಯನು ಗೆಲ್ಲಬೇಕಾದದ್ದು ವೈವಿಧ್ಯದಿಂದ. ಚನ್ನಪಟ್ಟಣವು ಚೇತರಿಸಿಕೊಂಡದ್ದೂ ಹೊಸ ವಿನ್ಯಾಸಗಳನ್ನು ಸ್ವಾಗತಿಸಿದ ಮೇಲೆಯೇ. ಶಿಶುವಿಹಾರಗಳಿಗೆ ಬೇಕಾದ ಕಲಿಕೆಯ ಆಟಿಕೆಗಳು, ಮಣಿಸರ, ಬಳೆ, ಮನೆಯ ಅಲಂಕಾರದ ವಸ್ತುಗಳು ಹಳೆಯ ಬೊಂಬೆಗಳ ಜೊತೆಗೆ ಸೇರಿಕೊಂಡವು. ಕಸುಬು ಹಳೆಯದಾದರೂ ಕೈ ಹೊಸತನ್ನು ಮರೆಯಲಿಲ್ಲ.

ಇಲ್ಲಿ ಕಿರಿಯನು ಮಾಡಬಾರದ ತಪ್ಪೊಂದಿದೆ. ಅದು ಬೆಲೆಯಲ್ಲಿ ಹಿರಿಯನೊಡನೆ ಪಂತ ಕಟ್ಟುವುದು. ಬೆಲೆಯನ್ನು ತಗ್ಗಿಸಲೇಬೇಕೆಂದು ಹೊರಟ ಕಸುಬುದಾರನು ಮೊದಲು ಮರವನ್ನು ಹದಮಾಡುವ ಕಾಲವನ್ನು ಕಡಿತಗೊಳಿಸುತ್ತಾನೆ. ಬಳಿಕ ಅರಗಿನ ಬದಲು ಅಂಗಡಿಯ ಅಗ್ಗದ ಬಣ್ಣವನ್ನು ಬಳಿಯುತ್ತಾನೆ. ಕೊನೆಗೆ ಕೆಲಸದ ನಯಗಾರಿಕೆಯೂ ಕಳೆಯುತ್ತದೆ. ಇಷ್ಟು ಮಾಡಿಯೂ ಅವನ ಬೆಲೆ ಕಾರ್ಖಾನೆಯ ಬೆಲೆಗೆ ಇಳಿಯದು. ಏಕೆಂದರೆ ಅಚ್ಚಿನ ಲೆಕ್ಕ ಅವನ ಪರವಾಗಿಲ್ಲ. ಇತ್ತ ಬೊಂಬೆ ಬಿರಿಯುತ್ತದೆ, ಬಣ್ಣ ಬಿಡುತ್ತದೆ. ತನ್ನನ್ನು ಇತರರಿಂದ ಬೇರ್ಪಡಿಸುತ್ತಿದ್ದ ಗುಣವನ್ನೇ ಅವನು ಕೈಯಾರೆ ಕಳೆದುಕೊಂಡಿರುತ್ತಾನೆ. ಹುಲಿಯನ್ನು ನೋಡಿ ನರಿ ಮೈ ಸುಟ್ಟುಕೊಂಡಿತೆಂಬ ಗಾದೆ ಇಂಥವರ ವಿಷಯದಲ್ಲಿ ಅಕ್ಷರಶಃ ನಿಜವಾಗುತ್ತದೆ.

ಕಿರಿಯನ ಎರಡನೆಯ ಬಲ ಅವನ ವಸ್ತುವಿಗಿರುವ ನೆಲದ ನಂಟು. ಕರ್ನಾಟಕದಲ್ಲಿ ಇದಕ್ಕೆ ನಿದರ್ಶನಗಳು ಹಲವು. ಬಿದರಿ ಕಲೆಯನ್ನು ನೋಡಬಹುದು. ಹೆಚ್ಚು ಪಾಲು ಸತುವನ್ನೂ ಸ್ವಲ್ಪ ತಾಮ್ರವನ್ನೂ ಬೆರೆಸಿ ಎರಕಹೊಯ್ದ ಹೂಜಿ, ತಟ್ಟೆಗಳ ಮೇಲೆ ಬಳ್ಳಿಗಳನ್ನು ಕೊರೆದು, ಆ ಗೀರುಗಳಲ್ಲಿ ಬೆಳ್ಳಿಯ ತಂತಿಯನ್ನು ಕೂರಿಸುತ್ತಾರೆ. ಅನಂತರ ಬೀದರದ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಆ ಪಾಕದಿಂದ ಉಜ್ಜಿದಾಗ ಲೋಹದ ಮೈ ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸುನೂಲುಗಳನ್ನೂ ಸೆರಗಿನ ಹಾಸುನೂಲುಗಳನ್ನೂ ಕುಣಿಕೆಗಳಿಂದ ಒಂದಕ್ಕೊಂದು ಜೋಡಿಸುವ ಕೊಂಡಿಯ ವಿಧಾನವುಂಟು. ಸೀರೆಯನ್ನು ಕೈಗೆತ್ತಿಕೊಂಡ ಹೆಣ್ಣುಮಗಳು ಆ ಕೊಂಡಿಯನ್ನು ನೋಡಿ ಇದು ಇಳಕಲ್ಲಿನದೆಂದು ಗುರುತಿಸುತ್ತಾಳೆ. ಇಂಥ ವಸ್ತುಗಳನ್ನು ಕೊಳ್ಳುವವನು ಕೇವಲ ತಟ್ಟೆಯನ್ನಾಗಲಿ ಬಟ್ಟೆಯನ್ನಾಗಲಿ ಕೊಳ್ಳುವುದಿಲ್ಲ. ಒಂದು ಊರಿನ ಬದುಕಿನ ತುಣುಕನ್ನು ಮನೆಗೆ ಕೊಂಡೊಯ್ಯುತ್ತಾನೆ. ಕಾರ್ಖಾನೆಯ ಸರಕಿಗೆ ಊರೆಂಬುದಿಲ್ಲ. ಅದನ್ನು ಯಾವ ದೇಶದಲ್ಲಿ ಬೇಕಾದರೂ ಮಾಡಬಹುದು. ಆದುದರಿಂದಲೇ ಅದು ಯಾವ ದೇಶದ್ದೂ ಅಲ್ಲ.

ಆದರೆ ಹೆಸರು ಬಂದೊಡನೆ ಹೆಸರಿನ ಕಳ್ಳರೂ ಬರುತ್ತಾರೆ. ಬೇರೆಲ್ಲಿಯೋ ಮಾಡಿದ ಸಾಮಾನನ್ನು ಹೆಸರುವಾಸಿಯಾದ ಊರಿನದೆಂದು ನಂಬಿಸಿ ಮಾರುವ ಚಾಳಿ ಹಳೆಯದು. ಇದನ್ನು ತಡೆಯುವ ಉದ್ದೇಶದಿಂದ ಭಾರತದ ಸಂಸತ್ತು 1999ರಲ್ಲಿ ಭೌಗೋಳಿಕ ಸೂಚಿಯ ಕಾಯಿದೆಯನ್ನು ಅಂಗೀಕರಿಸಿತು. 2003ರಲ್ಲಿ ಅದು ಜಾರಿಗೆ ಬಂದಿತು. ಒಂದು ನಿರ್ದಿಷ್ಟ ಪ್ರದೇಶದಿಂದಲೇ ತನ್ನ ಗುಣವನ್ನೂ ಖ್ಯಾತಿಯನ್ನೂ ಪಡೆದಿರುವ ವಸ್ತುವಿನ ಹೆಸರನ್ನು ಇತರರು ಬಳಸದಂತೆ ಈ ಕಾಯಿದೆ ರಕ್ಷಣೆ ಕೊಡುತ್ತದೆ. ಚನ್ನಪಟ್ಟಣದ ಆಟಿಕೆಗಳಿಗೂ ಬಿದರಿ ಕಲೆಗೂ 2005-06ರ ಸಾಲಿನಲ್ಲಿ, ಇಳಕಲ್ಲಿನ ಸೀರೆಗೆ 2007-08ರ ಸಾಲಿನಲ್ಲಿ ಈ ಮಾನ್ಯತೆ ದೊರೆಯಿತು. ಗಮನಿಸಬೇಕಾದ ಸಂಗತಿಯೆಂದರೆ ಈ ಹಕ್ಕು ಯಾವನೋ ಒಬ್ಬ ವ್ಯಕ್ತಿಯ ಸೊತ್ತಲ್ಲ, ಆ ಕಸುಬನ್ನು ಮಾಡುವ ಇಡೀ ಸಮುದಾಯದ ಸೊತ್ತು. ಒಬ್ಬೊಬ್ಬನೂ ಬೇರೆ ಬೇರೆಯಾಗಿ ಜಾಹೀರಾತು ಕೊಡಲಾರದ ಕಸುಬುದಾರರಿಗೆ ಊರಿನ ಹೆಸರೇ ಎಲ್ಲರೂ ಕೂಡಿ ಹೊದೆಯುವ ಕಂಬಳಿಯಾಯಿತು. ಅಂತೆಯೇ ಒಬ್ಬನು ಕಳಪೆ ಬೊಂಬೆಯನ್ನು ಮಾರಿದರೆ ಆ ಕಂಬಳಿಗೆ ಬೀಳುವ ತೂತು ಎಲ್ಲರಿಗೂ ಚಳಿಯನ್ನು ತರುತ್ತದೆ. ಕಾಯಿದೆಯು ಹೆಸರನ್ನು ಕಾಯಬಲ್ಲುದೇ ಹೊರತು ಗುಣವನ್ನಲ್ಲ. ಗುಣವನ್ನು ಕಾಯಬೇಕಾದವರು ಕಸುಬುದಾರರೇ.

ಮೂರನೆಯ ಬಲ ನಂಬಿಕೆ. 2007ರಲ್ಲಿ ಅಮೆರಿಕದ ಬಹುದೊಡ್ಡ ಆಟಿಕೆಯ ಸಂಸ್ಥೆಯೊಂದು ಚೀನಾದಲ್ಲಿ ತಯಾರಿಸಿದ ಲಕ್ಷಾಂತರ ಆಟಿಕೆಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ಅವುಗಳ ಬಣ್ಣದಲ್ಲಿ ಮಿತಿಮೀರಿದ ಸೀಸವಿದ್ದುದೇ ಕಾರಣ. ಸೀಸವು ಬೆಳೆಯುವ ಮಕ್ಕಳ ಮಿದುಳಿಗೆ ಹಾನಿಮಾಡುವ ವಿಷ. ಅಂದಿನಿಂದ ತಾಯಿತಂದೆಗಳು ಆಟಿಕೆಯ ಅಂದವನ್ನು ಮಾತ್ರವಲ್ಲ, ಅದರ ಬಣ್ಣವನ್ನೂ ಅನುಮಾನಿಸಿ ನೋಡತೊಡಗಿದರು. ಅರಗಿನ ಬಣ್ಣದ ಆಟಿಕೆಗೆ ಇದು ಒಳ್ಳೆಯ ಕಾಲ. ಯಾರು ಮಾಡಿದರು, ಯಾವ ಮರದಿಂದ ಮಾಡಿದರು, ಯಾವ ಬಣ್ಣ ಹಾಕಿದರು ಎಂಬ ಪ್ರಶ್ನೆಗಳಿಗೆ ಚನ್ನಪಟ್ಟಣದ ಕಸುಬುದಾರನು ಎದುರಿಗೆ ನಿಂತು ಉತ್ತರ ಕೊಡಬಲ್ಲ. ಹತ್ತು ಕೈಗಳನ್ನು ದಾಟಿ, ಸಮುದ್ರವನ್ನು ದಾಟಿ ಬಂದ ಪೆಟ್ಟಿಗೆಯೊಳಗಿನ ಆಟಿಕೆಗೆ ಆ ಉತ್ತರ ತಿಳಿಯದು.

ಸರಕಾರವೂ ಈ ದಿಸೆಯಲ್ಲಿ ಕೆಲವು ಕ್ರಮಗಳನ್ನು ಕೈಗೊಂಡಿತು. ವಿದೇಶದಿಂದ ಬರುವ ಆಟಿಕೆಗಳ ಮೇಲಿನ ಸುಂಕವನ್ನು 2020ರಲ್ಲಿ ಶೇಕಡ 20ರಿಂದ 60ಕ್ಕೂ 2023ರಲ್ಲಿ ಶೇಕಡ 70ಕ್ಕೂ ಏರಿಸಲಾಯಿತು. 2021ರ ಜನವರಿಯಿಂದ ದೇಶದಲ್ಲಿ ಮಾರುವ ಆಟಿಕೆಗಳಿಗೆ ಭಾರತೀಯ ಮಾನಕ ಸಂಸ್ಥೆಯ ಗುರುತು ಕಡ್ಡಾಯವಾಯಿತು. ಸಣ್ಣ ಕಸುಬುದಾರನು ಪರೀಕ್ಷೆಗಳ ವೆಚ್ಚವನ್ನು ಹೊರಲಾರನೆಂಬುದನ್ನು ಅರಿತು, ನೋಂದಾಯಿತ ಕುಶಲಕರ್ಮಿಗಳು ಮಾಡಿ ಮಾರುವ ಆಟಿಕೆಗಳಿಗೂ ಭೌಗೋಳಿಕ ಸೂಚಿಯನ್ನು ಪಡೆದ ಆಟಿಕೆಗಳಿಗೂ ಈ ಕಟ್ಟಳೆಯಿಂದ ವಿನಾಯಿತಿ ಕೊಟ್ಟರು. ವಿನಾಯಿತಿಯು ಅನುಕೂಲವೂ ಹೌದು, ಹೊಣೆಯೂ ಹೌದು. ಪರೀಕ್ಷಿಸುವವನು ಇಲ್ಲದೆಡೆಯಲ್ಲಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವವನಿಗೆ ಮಾತ್ರ ಅದು ಒಪ್ಪುತ್ತದೆ. ಸುಂಕದ ಗೋಡೆಯನ್ನೇ ನೆಚ್ಚಿ ಕುಳಿತುಕೊಳ್ಳುವಂತೆಯೂ ಇಲ್ಲ. ಗೋಡೆಯ ಒಳಗೂ ದೊಡ್ಡ ಕಾರ್ಖಾನೆಗಳು ಏಳಬಲ್ಲವು.

ಇನ್ನು ನಾಲ್ಕನೆಯ ಬಲ. ಇದು ಮೇಲಿನ ಮೂರಕ್ಕಿಂತ ಮಿಗಿಲಾದದ್ದು. ಅದೇ ಕೊಳ್ಳುವವನೊಡನೆ ಬೆಳೆಸುವ ಸ್ನೇಹ. ಇದರ ಮಹತ್ತ್ವವನ್ನು ಚನ್ನಪಟ್ಟಣವು ಬಹು ಕಠಿಣವಾಗಿ ಕಲಿಯಬೇಕಾಯಿತು. ಬೆಂಗಳೂರು ಮೈಸೂರುಗಳ ನಡುವಣ ಹಳೆಯ ಹೆದ್ದಾರಿಯು ಊರಿನ ನಡುವೆಯೇ ಹಾದುಹೋಗುತ್ತಿದ್ದಾಗ ದಾರಿಯ ಇಕ್ಕೆಲಗಳಲ್ಲಿ ಬೊಂಬೆಯ ಅಂಗಡಿಗಳು ಸಾಲುಗಟ್ಟಿ ನಿಂತಿದ್ದವು. ದಸರೆಗೆಂದೋ ಮದುವೆಗೆಂದೋ ಹೊರಟವರು ಗಾಡಿಯನ್ನು ನಿಲ್ಲಿಸಿ ಮಕ್ಕಳಿಗೊಂದು ಆಟಿಕೆಯನ್ನು ಕೊಂಡು ಮುಂದೆ ಹೋಗುತ್ತಿದ್ದರು. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯು ಊರನ್ನು ಬದಿಗೆ ಬಿಟ್ಟು ಹೋಯಿತು. ಪ್ರಯಾಣದ ಕಾಲ ಉಳಿಯಿತು. ಅಂಗಡಿಗಳ ಮುಂದಿನ ಗಾಡಿಗಳು ವಿರಳವಾದವು. ದಾರಿಹೋಕರನ್ನೇ ನಂಬಿದ್ದ ಅಂಗಡಿಕಾರರು ಕಂಗೆಟ್ಟರು. ಅವರ ಸರಕು ಕೆಟ್ಟಿರಲಿಲ್ಲ, ಬೆಲೆ ಏರಿರಲಿಲ್ಲ. ದಾರಿ ಬದಲಾಗಿತ್ತು ಅಷ್ಟೆ.

ಈ ಪ್ರಸಂಗದಿಂದ ತಿಳಿಯುವ ನೀತಿ ಸ್ಪಷ್ಟವಾಗಿದೆ. ದಾರಿಹೋಕನು ಒಂದು ಸಲ ಕೊಳ್ಳುತ್ತಾನೆ, ಪರಿಚಿತನು ಮತ್ತೆ ಮತ್ತೆ ಕೊಳ್ಳುತ್ತಾನೆ. ಮುರಿದ ಗಾಲಿಗೆ ಬದಲು ಗಾಲಿಯನ್ನು ಕಡೆದುಕೊಡುವ, ಕಳೆದುಹೋದ ಬಳೆಯೊಂದನ್ನು ಅದೇ ಅಳತೆಗೆ ಮತ್ತೆ ಮಾಡಿಕೊಡುವ ಕಸುಬುದಾರನನ್ನು ಮನೆಯವರು ಮರೆಯುವುದಿಲ್ಲ. ಕಾರ್ಖಾನೆಯ ಆಟಿಕೆ ಮುರಿದರೆ ತಿಪ್ಪೆಗೆ ಹೋಗುತ್ತದೆ. ಕೈಗೆಲಸದ ಆಟಿಕೆ ಮುರಿದರೆ ಮಾಡಿದವನ ಕೈಗೇ ಮರಳಬಹುದು. ದುರಸ್ತಿಯು ಲಾಭದ ಲೆಕ್ಕದಲ್ಲಿ ಅಲ್ಪವೆಂದು ಕಂಡರೂ ಬಾಂಧವ್ಯದ ಲೆಕ್ಕದಲ್ಲಿ ಬಹಳ ದೊಡ್ಡದು. ಶಾಲೆಗಳು, ಶಿಶುವಿಹಾರಗಳು, ಹಬ್ಬಕ್ಕೆ ಬೊಂಬೆ ಕೂರಿಸುವ ಮನೆಗಳು, ದೂರದೂರುಗಳಲ್ಲಿರುವ ವ್ಯಾಪಾರಿಗಳು ಇವರೆಲ್ಲರ ವಿಳಾಸವನ್ನು ಬರೆದಿಟ್ಟುಕೊಂಡು, ಹೊಸ ವಸ್ತು ಮಾಡಿದಾಗ ತಿಳಿಸುವ ಪರಿಪಾಠವನ್ನು ಇಟ್ಟುಕೊಂಡವನಿಗೆ ಹೆದ್ದಾರಿ ಎಲ್ಲಿ ಹಾದುಹೋದರೂ ಹೆಚ್ಚಿನ ಚಿಂತೆಯಿಲ್ಲ. ಇಂದು ದೂರವಾಣಿಯೂ ಅಂತರಜಾಲವೂ ಈ ಕೆಲಸವನ್ನು ಸುಲಭಗೊಳಿಸಿವೆ. ಆದರೆ ಸಲಕರಣೆ ಹೊಸದಾದರೂ ತತ್ತ್ವ ಹಳೆಯದೇ.

ಆ ತತ್ತ್ವಕ್ಕೆ ಕನ್ನಡ ನಾಡಿನಲ್ಲಿಯೇ ಉಜ್ಜ್ವಲವಾದ ಇನ್ನೊಂದು ನಿದರ್ಶನವಿದೆ. ಅದು ಮರದ ಕಸುಬಲ್ಲ, ಅಕ್ಷರದ ಕಸುಬು. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯೆಂಬ ಪ್ರಕಾಶನವನ್ನು ಸ್ಥಾಪಿಸಿದರು. ಅದಕ್ಕೆ ದೊಡ್ಡ ಬಂಡವಾಳವಿರಲಿಲ್ಲ; ಧಾರವಾಡದವರು ಅದರ ಕಚೇರಿಯನ್ನು ‘ಅಟ್ಟ’ವೆಂದೇ ಕರೆದರು. ಗ್ರಂಥಮಾಲೆಯು ಓದುಗರನ್ನೇ ಚಂದಾದಾರರನ್ನಾಗಿ ಮಾಡಿಕೊಂಡಿತು. ಮುಂಗಡವಾಗಿ ಚಂದಾ ತೆತ್ತವರ ಮನೆಗೆ ಪುಸ್ತಕಗಳು ಹೋಗುತ್ತಿದ್ದವು. ಪುಸ್ತಕವು ಅಚ್ಚಾಗುವ ಮೊದಲೇ ಅದಕ್ಕೆ ಓದುಗರಿದ್ದರು. ಈ ನಂಬಿಕೆಯ ಬಲದಿಂದಲೇ ಗ್ರಂಥಮಾಲೆಯು ಹೆಸರಾದವರ ಜೊತೆಗೆ ಹೊಸಬರ ಕೃತಿಗಳನ್ನೂ ಧೈರ್ಯವಾಗಿ ಪ್ರಕಟಿಸಿತು. ಅಂದಿನ್ನೂ ತರುಣರಾಗಿದ್ದ ಗಿರೀಶ ಕಾರ್ನಾಡರ ‘ಯಯಾತಿ’ ಬೆಳಕು ಕಂಡದ್ದು ಇಲ್ಲಿಂದಲೇ. ಮಾರಾಟ ಖಚಿತವಾದುದನ್ನು ಮಾತ್ರ ಮುಟ್ಟುವ ದೊಡ್ಡ ಸಂಸ್ಥೆಗಿಂತ, ತನ್ನ ಓದುಗರನ್ನು ಬಲ್ಲ ಸಣ್ಣ ಸಂಸ್ಥೆಯು ಹೊಸತನ್ನು ಬೇಗ ಗುರುತಿಸಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕಿರಿಯರು ಬಿಡಿಬಿಡಿಯಾಗಿದ್ದರೆ ಮಾತ್ರ ಕಿರಿಯರು. ಮರವನ್ನು ಒಟ್ಟಾಗಿ ಕೊಂಡರೆ ಬೆಲೆ ಇಳಿಯುತ್ತದೆ. ಸರಕನ್ನು ಒಟ್ಟಾಗಿ ಮಾರಿದರೆ ಮಧ್ಯವರ್ತಿಯ ಪಾಲು ಕುಗ್ಗುತ್ತದೆ. ಸಹಕಾರ ಸಂಘಗಳ ಮೂಲತತ್ತ್ವ ಇದೇ. ಮಂಗಳೂರಿನಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷಿಣಿಯಾಗಿ ದೇಶದ ಮೂಲೆಮೂಲೆಯ ಕಸುಬುದಾರರನ್ನು ಹುಡುಕಿ, ಅವರ ಕಲೆಗೆ ಮಾರುಕಟ್ಟೆಯನ್ನೂ ಮನ್ನಣೆಯನ್ನೂ ದೊರಕಿಸಲು ಶ್ರಮಿಸಿದರು. 1964ರಲ್ಲಿ ಸ್ಥಾಪನೆಯಾದ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮವು ‘ಕಾವೇರಿ’ ಮಳಿಗೆಗಳ ಮೂಲಕ ಹಳ್ಳಿಯ ಕೈಗೆಲಸವನ್ನು ನಗರದ ಕೊಳ್ಳುವವರ ಮುಂದೆ ಇರಿಸಿತು. ಇಂಥ ಆಸರೆಗಳು ಬಳ್ಳಿಗೆ ಕಟ್ಟಿದ ಚಪ್ಪರದಂತೆ. ಚಪ್ಪರವಿಲ್ಲದೆ ಬಳ್ಳಿ ನೆಲದಲ್ಲಿ ಹೊರಳುತ್ತದೆ ನಿಜ. ಆದರೆ ಬೇರಿನಲ್ಲಿ ಜೀವವಿಲ್ಲದಿದ್ದರೆ ಚಪ್ಪರದಿಂದ ಪ್ರಯೋಜನವೇನು?

ಆ ಬೇರಿನ ಜೀವವೆಂದರೆ ಕಸುಬನ್ನು ಕಲಿಯಲು ಮುಂದೆ ಬರುವ ಎಳೆಯರು. ಕೈಗೆಲಸದ ವಿದ್ಯೆ ಪುಸ್ತಕದಲ್ಲಿ ಉಳಿಯುವಂಥದಲ್ಲ. ಅರಗು ಎಷ್ಟು ಕಾದರೆ ಹದ, ಉಳಿ ಎಷ್ಟು ವಾಲಿದರೆ ಮರ ಸಿಗಿಯದು ಎಂಬ ತಿಳಿವಳಿಕೆಯನ್ನು ಒಂದು ಕೈ ಇನ್ನೊಂದು ಕೈಗೆ ಒಪ್ಪಿಸಬೇಕು. ನಡುವೆ ಒಂದೇ ಒಂದು ತಲೆಮಾರು ಕೈಬಿಟ್ಟರೂ ಆ ಸರಪಳಿ ತುಂಡಾಗುತ್ತದೆ. ಮುಚ್ಚಿದ ಕಾರ್ಖಾನೆಯನ್ನು ಹಣವಿದ್ದರೆ ಮತ್ತೆ ತೆರೆಯಬಹುದು. ಮರೆತ ಕಸುಬನ್ನು ಎಷ್ಟು ಹಣ ಕೊಟ್ಟರೂ ಮತ್ತೆ ತರಲಾಗದು. ಕಸುಬುದಾರನಿಗೆ ಅವನ ಶ್ರಮಕ್ಕೆ ತಕ್ಕ ಪ್ರತಿಫಲವೂ ಸಮಾಜದಲ್ಲಿ ಗೌರವವೂ ದೊರೆತರೆ ಮಾತ್ರ ಅವನ ಮಗನಾಗಲಿ ಮಗಳಾಗಲಿ ಆ ಉಳಿಯನ್ನು ಅಭಿಮಾನದಿಂದ ಎತ್ತಿಕೊಂಡಾರು. ಕಲೆಯನ್ನು ಬಾಯಿತುಂಬ ಹೊಗಳಿ ಕಲಾವಿದನ ಕೂಲಿಯಲ್ಲಿ ಚೌಕಾಸಿ ಮಾಡುವ ಸಮಾಜವು ಕಲೆಯನ್ನು ಉಳಿಸಿಕೊಳ್ಳಲಾರದು.

ಹಾಗೆಂದು ಬೃಹತ್ ಕೈಗಾರಿಕೆಗಳೆಲ್ಲ ಕೆಟ್ಟವೆಂದು ತಿಳಿಯಬಾರದು. ರೈಲು, ಉಕ್ಕು, ಔಷಧ, ಕಾಗದ ಇವೆಲ್ಲ ದೊಡ್ಡ ಪ್ರಮಾಣದಲ್ಲಿ ತಯಾರಾಗದಿದ್ದರೆ ಜನಸಾಮಾನ್ಯರಿಗೆ ದಕ್ಕುತ್ತಿರಲಿಲ್ಲ. ಪ್ರತಿಯೊಬ್ಬ ಬಡವನೂ ತನ್ನ ಮಗುವಿಗೆ ಕೈಗೆಲಸದ ಆಟಿಕೆಯನ್ನೇ ಕೊಳ್ಳಬೇಕೆಂದು ವಿಧಿಸುವುದೂ ನ್ಯಾಯವಲ್ಲ. ಆಲದ ಮರಕ್ಕೂ ತುಳಸಿಯ ಗಿಡಕ್ಕೂ ನೆಲದಲ್ಲಿ ಅವುಗಳದೇ ಆದ ಎಡೆಯುಂಟು. ತುಳಸಿಯು ಆಲವಾಗಲು ಹವಣಿಸಿದರೆ ಅದು ಆಲವೂ ಆಗದು, ತುಳಸಿಯಾಗಿಯೂ ಉಳಿಯದು. ಮಾಡುವ ವಸ್ತುವಿನಲ್ಲಿ ತನ್ನತನ, ಸಾಮಗ್ರಿಯಲ್ಲಿ ಪ್ರಾಮಾಣಿಕತೆ, ಕೊಳ್ಳುವವನಲ್ಲಿ ಸ್ನೇಹ, ಸಹಕಸುಬಿಗರಲ್ಲಿ ಒಗ್ಗಟ್ಟು ಈ ನಾಲ್ಕನ್ನು ಕಾಪಾಡಿಕೊಂಡರೆ ಕಿರಿಯ ಕಸುಬು ಹಿರಿಯರ ನಡುವೆ ತಲೆಯೆತ್ತಿ ನಿಲ್ಲಬಲ್ಲುದು.

ಕೊಳ್ಳುವವನ ಪಾಲೂ ಇದರಲ್ಲಿ ಕಡಿಮೆಯಿಲ್ಲ. ವಸ್ತುವೊಂದನ್ನು ಕೈಗೆತ್ತಿಕೊಂಡಾಗ ಇದರ ಬೆಲೆಯೆಷ್ಟು ಎಂಬ ಪ್ರಶ್ನೆಯ ಜೊತೆಗೆ ಇದನ್ನು ಯಾರು ಮಾಡಿದರು, ಯಾವುದರಿಂದ ಮಾಡಿದರು, ಎಷ್ಟು ಕಾಲ ಬಾಳುತ್ತದೆ, ಮುರಿದರೆ ಸರಿಮಾಡುವವರುಂಟೆ ಎಂಬ ಪ್ರಶ್ನೆಗಳನ್ನೂ ಕೇಳುವುದು ಒಳ್ಳೆಯ ಅಭ್ಯಾಸ. ಪ್ರತಿ ಊರಿನಲ್ಲಿಯೂ ಕುಂಬಾರರೋ ನೇಕಾರರೋ ಮೇದಾರರೋ ಬಡಗಿಗಳೋ ಇದ್ದೇ ಇರುತ್ತಾರೆ. ವಿದ್ಯಾರ್ಥಿಗಳು ಅವರ ಕೆಲಸದ ಎಡೆಗೆ ಹೋಗಿ, ಅವರ ಉಪಕರಣಗಳ ಹೆಸರುಗಳನ್ನು ಕೇಳಿ ತಿಳಿದು, ಅವರ ಕೈಚಳಕವನ್ನು ಒಂದು ಗಳಿಗೆ ನಿಂತು ನೋಡಿದರೆ ಸಾಕು; ಅಂಗಡಿಯಲ್ಲಿ ಎರಡು ಸರಕುಗಳು ಎದುರುಬದುರಾಗಿ ನಿಂತಾಗ ಯಾವುದರ ಬೆಲೆ ಏಕೆ ಹೆಚ್ಚು, ಯಾವುದರ ಬೆಲೆ ಏಕೆ ಕಡಿಮೆ ಎಂಬುದು ಅವರಿಗೆ ತಾನಾಗಿಯೇ ಅರ್ಥವಾಗುತ್ತದೆ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂದು ಹಿರಿಯರು ಆಡಿದ ಮಾತು ಸುಳ್ಳಲ್ಲ. ಆ ಕೀರ್ತಿಯನ್ನು ಗಳಿಸುವುದು ಮಾಡುವವನ ಕೈಯಲ್ಲಿದೆ. ಉಳಿಸುವುದು ಕೊಳ್ಳುವವನ ಕೈಯಲ್ಲಿದೆ.